ಹೆಡ್‌ಸೆಟ್ ಕಂಪ್ಯೂಟರಿಗೆ ಕನೆಕ್ಟ್ ಆಗದಿದ್ದಾಗ: ಬ್ಲೂಟೂತ್, ಡಾಂಗಲ್, ವೈರ್

ಈಗ ಮಾರುಕಟ್ಟೆಯಲ್ಲಿರುವ ಅನೇಕ ಗೇಮಿಂಗ್ ಹೆಡ್‌ಸೆಟ್‌ಗಳನ್ನು ಬ್ಲೂಟೂತ್, ಯುಎಸ್‌ಬಿ ಡಾಂಗಲ್ (ಹೆಡ್‌ಸೆಟ್ಟಿನ ಜೊತೆ ವೈರಿಲ್ಲದೆ ಸಂಪರ್ಕಿಸಲು ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ಸಾಧನ) ಮತ್ತು 3.5 ಮಿ.ಮೀ. ಪಿನ್ನಿನ ವೈರ್ ಎಂಬ ಮೂರು ದಾರಿಗಳಲ್ಲಿ ಕಂಪ್ಯೂಟರಿಗೆ ಜೋಡಿಸಬಹುದು. ಈ ಮೂರೂ ಇರುವ ಒಂದೇ ಹೆಡ್‌ಸೆಟ್ಟನ್ನು ನಾನು ವಿಂಡೋಸ್ 11 ಇರುವ ಡೆಸ್ಕ್‌ಟಾಪಿನಲ್ಲೂ ಲ್ಯಾಪ್‌ಟಾಪಿನಲ್ಲೂ ಬಳಸಿ ನೋಡಿದ್ದೇನೆ. ಕನೆಕ್ಟ್ ಆಗದಿರುವ ತೊಂದರೆ ಮೂರರಲ್ಲೂ ಬರುತ್ತದೆಯಾದರೂ ಕಾರಣ ಮಾತ್ರ ಒಂದೊಂದರಲ್ಲಿ ಬೇರೆಯಾಗಿರುವುದರಿಂದ, ಧ್ವನಿಯ ಗುಣಮಟ್ಟದ ಜೊತೆಗೆ ಕೆಟ್ಟಾಗ ಸರಿಪಡಿಸುವುದು ಎಷ್ಟು ಸುಲಭ ಎಂಬುದನ್ನೂ ತೂಗಿ ನೋಡಬೇಕು.

ಬ್ಲೂಟೂತ್‌ನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣವೆಂದರೆ ಹೆಡ್‌ಸೆಟ್ ಅದಾಗಲೇ ಮೊಬೈಲಿಗೆ ಕನೆಕ್ಟ್ ಆಗಿರುವುದು. ಮೊಬೈಲಿನ ಬ್ಲೂಟೂತ್ ಆಫ್ ಮಾಡಿ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಹೆಡ್‌ಸೆಟ್ಟಿನ ಹಳೆಯ ಹೆಸರನ್ನು ತೆಗೆದುಹಾಕಿ, ಹೆಡ್‌ಸೆಟ್ಟಿನ ದೀಪ ಬೇಗಬೇಗ ಮಿನುಗುವವರೆಗೂ ಪೇರಿಂಗ್ (ಎರಡು ಸಾಧನಗಳನ್ನು ಜೋಡಿಸುವ) ಬಟನ್ ಒತ್ತಿ ಹಿಡಿದು ಹೊಸದಾಗಿ ಸೇರಿಸಿದರೆ ಹೆಚ್ಚಿನ ಸಲ ಕೆಲಸ ಮುಗಿಯುತ್ತದೆ. ಆದರೆ ನಿಜವಾದ ತೊಡಕು ಕನೆಕ್ಟ್ ಆದ ಮೇಲೆ ಶುರುವಾಗುತ್ತದೆ. ಆಟದ ವಾಯ್ಸ್ ಚಾಟ್ ತೆರೆದು ಮೈಕ್ ಚಾಲೂ ಆದ ಕೂಡಲೇ, ಸ್ಟೀರಿಯೋ ಧ್ವನಿ ಹೋಗಿ ಹಳೆಯ ದೂರವಾಣಿಯಲ್ಲಿ ಕೇಳಿದಂತಾಗುತ್ತದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸಂಗೀತಕ್ಕೊಂದು, ಮಾತುಕತೆಗೊಂದು ಪ್ರತ್ಯೇಕ ವಿಧಾನವಿದ್ದು, ಮಾತಿನ ವಿಧಾನದಲ್ಲಿ ಧ್ವನಿಯ ಸ್ಯಾಂಪ್ಲಿಂಗ್ ದರ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಲಾಗುತ್ತದೆ ಎಂಬುದು) 8 ಅಥವಾ 16 ಕಿಲೋಹರ್ಟ್ಸ್‌ಗೆ ಇಳಿಯುವುದೇ ಇದಕ್ಕೆ ಕಾರಣ. ಚಾಟ್ ಸೆಟ್ಟಿಂಗ್ಸ್‌ನಲ್ಲಿ ಹೆಡ್‌ಸೆಟ್ಟಿನ ಮೈಕ್ ಬದಲು ಲ್ಯಾಪ್‌ಟಾಪಿನ ಮೈಕ್ ಆರಿಸಿಕೊಂಡರೆ ಸ್ಟೀರಿಯೋ ಮರಳಿ ಬರುತ್ತದೆ. ಎಲ್‌ಇ ಆಡಿಯೋ ಎಂಬ ಹೊಸ ವ್ಯವಸ್ಥೆ ಈ ಕೊರತೆಯನ್ನು ನೀಗಿಸಬಲ್ಲದಾದರೂ ಅದಕ್ಕೆ ಹೆಡ್‌ಸೆಟ್, ಕಂಪ್ಯೂಟರ್ ಎರಡರಲ್ಲೂ ಬೆಂಬಲವಿರಬೇಕು. ಸಾಮಾನ್ಯ ಬ್ಲೂಟೂತ್‌ನಲ್ಲಂತೂ ಗುಂಡು ಹಾರಿದ್ದು ಕಣ್ಣಿಗೆ ಕಂಡ ಮೇಲೆ ಸದ್ದು ಕಿವಿಗೆ ಬೀಳುವಷ್ಟು ವಿಳಂಬ ಉಳಿದೇ ಇರುತ್ತದೆ. ಹೆಜ್ಜೆ ಸಪ್ಪಳ ಕೇಳಿ ಎದುರಾಳಿಯನ್ನು ಗುರುತಿಸಬೇಕಾದ ಆಟಗಳಿಗೆ ಬ್ಲೂಟೂತ್ ಸಲ್ಲದು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಡಾಂಗಲ್‌ನಲ್ಲಿ ಈ ವಿಳಂಬ ಅನುಭವಕ್ಕೇ ಬರುವುದಿಲ್ಲ, ಮೈಕ್ ಚಾಲೂ ಇದ್ದಾಗಲೂ ನನ್ನ ಹೆಡ್‌ಸೆಟ್ಟಿನ ಧ್ವನಿ ಕುಗ್ಗುವುದಿಲ್ಲ. ಆದರೆ ಇಲ್ಲಿ ದಾರಿ ತಪ್ಪಿಸುವ ಸಂಗತಿಯೊಂದಿದೆ. ವಿಂಡೋಸ್ ಗುರುತಿಸುವುದು ಹೆಡ್‌ಸೆಟ್ಟನ್ನಲ್ಲ, ಡಾಂಗಲನ್ನು. ಹೀಗಾಗಿ ಹೆಡ್‌ಸೆಟ್ ಆಫ್ ಆಗಿದ್ದರೂ ಅದರ ಹೆಸರು ಸೌಂಡ್ ಪಟ್ಟಿಯಲ್ಲಿ ಕಾಣಿಸಿಕೊಂಡು, ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಪರದೆಯನ್ನು ನಂಬದೆ ಹೆಡ್‌ಸೆಟ್ಟಿನ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದೆಯೇ, ಮೋಡ್ ಬದಲಿಸುವ ಸ್ವಿಚ್ ಬ್ಲೂಟೂತ್ ಕಡೆಗೆ ಸರಿದಿಲ್ಲವೇ ಎಂದು ನೋಡಿಕೊಳ್ಳಬೇಕು. ಇನ್ನೊಂದು ತೊಂದರೆ ಡಾಂಗಲ್ ಇರುವ ಜಾಗದ್ದು. ನನ್ನ ಡಾಂಗಲ್ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಪಕ್ಕದ ನೀಲಿ (ಯುಎಸ್‌ಬಿ 3.0) ಪೋರ್ಟಿನಲ್ಲಿತ್ತು; ದೊಡ್ಡ ಫೈಲುಗಳನ್ನು ಕಾಪಿ ಮಾಡುವಾಗಲೆಲ್ಲ ಧ್ವನಿ ತುಂಡುತುಂಡಾಗಿ, ಕೆಲವೊಮ್ಮೆ ಸಂಪರ್ಕವೇ ಕಡಿದುಹೋಗುತ್ತಿತ್ತು. ಯುಎಸ್‌ಬಿ 3.0 ಸಾಧನಗಳು ಮತ್ತು ಅವುಗಳ ಕೇಬಲ್‌ಗಳಿಂದ ಹೊಮ್ಮುವ ರೇಡಿಯೋ ಗದ್ದಲವು, ಇಂಥ ಡಾಂಗಲ್‌ಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಪಡಿಸುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲೇ ಇದನ್ನು ವಿವರಿಸಿತ್ತು. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ, ಕಣ್ಣೆದುರಿಗೇ ಇರಿಸಿದ ಮೇಲೆ ಆ ಕಾಟ ನಿಂತಿತು.

ವೈರಿನಲ್ಲಿ ಪೇರಿಂಗ್ ಇಲ್ಲ, ಬ್ಯಾಟರಿ ಖಾಲಿಯಾಗಿದ್ದರೂ ನನ್ನ ಹೆಡ್‌ಸೆಟ್ ವೈರಿನಲ್ಲಿ ಕೇಳಿಸುತ್ತದೆ. ಲ್ಯಾಪ್‌ಟಾಪಿನ ಒಂದೇ ಜ್ಯಾಕಿಗೆ ಅದು ನೇರವಾಗಿ ಹೊಂದಿಕೊಂಡಿತು. ಡೆಸ್ಕ್‌ಟಾಪಿನಲ್ಲಿ ಮಾತ್ರ ಧ್ವನಿಗೆ ಹಸಿರು, ಮೈಕಿಗೆ ಗುಲಾಬಿ ಎಂದು ಎರಡು ಜ್ಯಾಕ್‌ಗಳಿದ್ದು, ಹೆಡ್‌ಸೆಟ್ಟಿನ ಒಂಟಿ ಪಿನ್ನನ್ನು ಹಸಿರಿಗೆ ಸಿಕ್ಕಿಸಿದರೆ ನಮಗೆ ಕೇಳಿಸುತ್ತದೆಯೇ ಹೊರತು ನಮ್ಮ ಮಾತು ಎದುರಿನವರಿಗೆ ತಲುಪುವುದಿಲ್ಲ. ಇದಕ್ಕೆ ಒಂಟಿ ಪಿನ್ನನ್ನು ಧ್ವನಿಗೊಂದು, ಮೈಕಿಗೊಂದು ಎಂದು ಎರಡಾಗಿ ಕವಲೊಡೆಸುವ ಸ್ಪ್ಲಿಟರ್ ಬೇಕು. ಕೊಳ್ಳುವಾಗ ಅದರ ತುದಿಯಲ್ಲಿ ಮೈಕ್ ಮತ್ತು ಹೆಡ್‌ಫೋನ್ ಚಿಹ್ನೆಗಳು ಬೇರೆಬೇರೆಯಾಗಿವೆಯೇ ಎಂದು ನೋಡಲೇಬೇಕು, ಏಕೆಂದರೆ ಒಂದೇ ಹಾಡನ್ನು ಇಬ್ಬರು ಕೇಳಲೆಂದು ಮಾಡಿದ ಸ್ಪ್ಲಿಟರ್ ಹೊರನೋಟಕ್ಕೆ ಇದರಂತೆಯೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೆಲವು ನೂರು ರೂಪಾಯಿಗಳಿಗೆ ಸಿಗುವ ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡ್ ನನಗೆ ಇದಕ್ಕಿಂತ ಹಿಡಿಸಿತು; ಪ್ರತ್ಯೇಕ ಡ್ರೈವರ್ ಕೇಳದೆ ಅದು ಚಾಲೂ ಆಯಿತು.

ಆಡಲು ನನ್ನ ಆಯ್ಕೆ ಡಾಂಗಲ್. ದೋಷ ಎಲ್ಲಿದೆಯೆಂದು ಪತ್ತೆಮಾಡಲು ಮಾತ್ರ ಮೊದಲು ವೈರ್ ಹಾಕಿ ನೋಡಬೇಕು. ವೈರಿನಲ್ಲಿ ಎರಡೂ ಕಿವಿಗೆ ಧ್ವನಿ ಬಂದು ಮೈಕ್ ಕೂಡ ಕೆಲಸ ಮಾಡಿದರೆ ಹೆಡ್‌ಸೆಟ್ಟಿನ ಸ್ಪೀಕರ್‌ಗಳೂ ಮೈಕೂ ಸರಿಯಾಗಿವೆ ಎಂದಾಯಿತು, ಹುಡುಕಾಟವನ್ನು ಪೇರಿಂಗ್, ಬ್ಯಾಟರಿ, ಮೋಡ್ ಸ್ವಿಚ್, ಡಾಂಗಲ್ ಇರುವ ಜಾಗ ಇವುಗಳಿಗೆ ಸೀಮಿತಗೊಳಿಸಬಹುದು. ಮೂರೂ ದಾರಿಗಳಲ್ಲಿ ಮೈಕ್ ಮಾತ್ರ ಮೌನವಾಗಿದ್ದರೆ, ಹೆಡ್‌ಸೆಟ್ಟಿನ ಮ್ಯೂಟ್ ಬಟನ್ನನ್ನೂ ವಿಂಡೋಸ್ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳಿಗೆ ಮೈಕ್ ಬಳಸುವ ಅನುಮತಿ ಇದೆಯೇ ಎಂಬುದನ್ನೂ ನೋಡಬೇಕು. ಹೊಸದನ್ನು ಕೊಳ್ಳುವವರು ಡಾಂಗಲ್ ಕಳೆದರೆ ಬದಲಿ ಡಾಂಗಲ್ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು, ಬೇರೆ ಹೆಡ್‌ಸೆಟ್ಟಿನ ಡಾಂಗಲ್ ಸಾಮಾನ್ಯವಾಗಿ ಇದಕ್ಕೆ ಕೂಡುವುದಿಲ್ಲ.