ಕಾರ್ಬನ್ ಫೈಬರ್ ನೆಕ್ ಮುರಿದರೆ ಯಾವ ಅಂಟು? ನನ್ನ ಓಟು ನಿಧಾನದ ಎಪಾಕ್ಸಿಗೆ

ಸ್ಟ್ಯಾಂಡಿನಿಂದ ಉರುಳಿದ ನನ್ನ ಎಲೆಕ್ಟ್ರಿಕ್ ಗಿಟಾರಿನ ಕಾರ್ಬನ್ ಫೈಬರ್ ನೆಕ್ (ಕತ್ತು), ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಹಿಂಭಾಗದಲ್ಲಿ ಓರೆಯಾಗಿ ಸೀಳಿ ಎರಡಾಗಿತ್ತು. ಈಗ ಅದನ್ನು ಹಿಡಿದಿಟ್ಟಿರುವುದು ನಿಧಾನದ, ಅಂದರೆ ಗಟ್ಟಿಯಾಗಲು 24 ಗಂಟೆ ಬೇಕಾಗುವ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು).

ಮರಗೆಲಸದ ಬಿಳಿ ಅಂಟು ಲೆಕ್ಕಕ್ಕೇ ಇಲ್ಲ. ಅದರ ನೀರನ್ನು ಮರ ಹೀರಿಕೊಳ್ಳುತ್ತದೆ, ರಾಳ ತುಂಬಿ ಗಟ್ಟಿಯಾದ ಕಾರ್ಬನ್ ಹೀರುವುದಿಲ್ಲ.

ಸೂಪರ್ ಗ್ಲೂ ಕೂದಲೆಳೆಯಂಥ ಬಿರುಕಿಗೆ ಸೊಗಸಾಗಿ ಇಳಿಯುತ್ತದೆ. ಆದರೆ ಸಂದು ತುಂಬುವುದಿಲ್ಲ, ಪೆಟ್ಟಿಗೆ ಪಟ್ಟನೆ ಬಿಡುತ್ತದೆ. 10-46 (ಇಂಚಿನ ಸಾವಿರದ ಭಾಗದಲ್ಲಿ ದಪ್ಪ) ತಂತಿಗಳನ್ನು ಮಾಮೂಲಿ ಶ್ರುತಿಗೆ ಏರಿಸಿದರೆ ಸುಮಾರು 45 ಕೆಜಿ ಎಳೆತ. ನನ್ನದು ಶ್ರುತಿ ಮಾಡುವಾಗಲೇ ಕಳಚಿತು.

ಐದು ನಿಮಿಷದ ಎಪಾಕ್ಸಿ ಹಿಡಿಯಿತು, ನಿಜ. ಆದರೆ ಅದು ಬಿಸಿಗೆ ಬೇಗ ಮೆತ್ತಗಾಗುವ ಜಾತಿ, ನಾನೋ ಗಿಟಾರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲೇ ಬಿಟ್ಟು ಓಡಾಡುವವನು. ಕೆಲವೇ ದಿನಕ್ಕೆ ಹೆಡ್‌ಸ್ಟಾಕ್ (ಶ್ರುತಿ ಬಿರಡೆಗಳಿರುವ ತುದಿ) ಮುಂದಕ್ಕೆ ಬಾಗಿತು.

ನಿಧಾನದ ಎಪಾಕ್ಸಿಯ ದೊಡ್ಡ ಕಿರಿಕಿರಿ ಜಾರುವಿಕೆ. ಕ್ಲ್ಯಾಂಪ್ ಬಿಗಿ ಮಾಡುತ್ತಿದ್ದಂತೆ ಓರೆ ಸೀಳಿನ ಎರಡೂ ಭಾಗ ಎಣ್ಣೆ ಹಚ್ಚಿದ ಹಾಗೆ ಸರಿಯುತ್ತವೆ. ಸರಿಪಡಿಸಿ, ಮತ್ತೆ ಬಿಗಿ ಮಾಡಿದರೆ ಮತ್ತೆ ಸರಿಯುತ್ತವೆ. ನನ್ನ ನೆಕ್ಕಿನಲ್ಲಿ ಟ್ರಸ್ ರಾಡ್ (ಬಾಗು ಸರಿಮಾಡುವ ಒಳಗಿನ ಸರಳು) ಇಲ್ಲ, ಹೀಗಾಗಿ ವಕ್ರವಾಗಿ ಅಂಟಿದರೆ ಆಮೇಲೆ ತಿರುಗಿಸಿ ಸರಿಮಾಡಲು ಏನೂ ಇರುವುದಿಲ್ಲ.

ಇದಕ್ಕೆ ಉಪಾಯ ಅಂಟು ಕಲಸುವ ಮೊದಲೇ ಆಗಬೇಕು. ಒಣಗಿದ್ದಾಗಲೇ ಎರಡೂ ಭಾಗ ಜೋಡಿಸಿ, ನಟ್ ಅಡಿಯಲ್ಲಿ ಮರೆಯಾಗುವ ಜಾಗದಲ್ಲಿ ಎರಡು ಸಣ್ಣ ತೂತು ಕೊರೆದು, ಅದೇ ಅಳತೆಯ ಉಕ್ಕಿನ ಕಡ್ಡಿಗೆ ಮೇಣ ಸವರಿ ತೂರಿಸಿದೆ. ಆಮೇಲೆ ಕ್ಲ್ಯಾಂಪ್ ಎಷ್ಟು ಒತ್ತಿದರೂ ಕದಲಲಿಲ್ಲ. ಅಂಟು ಗಟ್ಟಿಯಾದ ಮೇಲೆ ಇಕ್ಕಳದಲ್ಲಿ ಹಿಡಿದು ಎಳೆದರೆ ಕಡ್ಡಿಗಳು ಹೊರಬಂದವು. ಸೀಳಿನ ಮುಖದ ಹೊಳಪು ಹೋಗುವಷ್ಟು ಉಪ್ಪುಕಾಗದದಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸುವುದನ್ನು ತಪ್ಪಿಸುವಂತಿಲ್ಲ. ಮಾಸ್ಕ್ ಹಾಕಿ, ಒದ್ದೆ ಮಾಡಿಕೊಂಡು ಉಜ್ಜಿ. ಕಾರ್ಬನ್ ಪುಡಿ ವಿದ್ಯುತ್ ಹರಿಸುತ್ತದೆ, ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮತ್ತು ಸ್ವಿಚ್ಚುಗಳನ್ನು ಮುಚ್ಚಿಡಿ.

ಹಿಂಭಾಗಕ್ಕೆ ಅದೇ ಎಪಾಕ್ಸಿಯಲ್ಲಿ ನೆನೆಸಿದ ಕಾರ್ಬನ್ ಬಟ್ಟೆಯ ತೇಪೆ ಹಾಕಿದೆ. ಮೊದಲ ಫ್ರೆಟ್ಟಿನಲ್ಲಿ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಹೆಬ್ಬೆರಳಿಗೆ ಅದರ ಅಂಚು ತಾಕುತ್ತದೆ, ಆದರೆ ನಾನು ನುಡಿಸುವುದು ಹೆಚ್ಚಾಗಿ ಮೇಲಿನ ಫ್ರೆಟ್‌ಗಳಲ್ಲಿ.

ಬೋಲ್ಟ್ ಹಾಕಿದ ನೆಕ್ ಆಗಿದ್ದು, ಕೈಯಲ್ಲಿ ಹಣವಿದ್ದರೆ ಮರದ್ದೊಂದು ಕೂರಿಸುವುದೇ ಸುಲಭ. ನನ್ನದು ದೇಹದುದ್ದಕ್ಕೂ ಒಂದೇ ತುಂಡು, ಜೇಬೂ ಅಷ್ಟಕ್ಕಷ್ಟೆ. ಬರೀ ಕೂದಲೆಳೆಯ ಬಿರುಕಾದರೆ ತೆಳು ಸೂಪರ್ ಗ್ಲೂ ಸಾಕು, ಪೂರ್ತಿ ಮುರಿದಿದ್ದರೆ ನಿಧಾನದ್ದನ್ನೇ ತನ್ನಿ.