ಕ್ರಿಸ್ಟಲ್ ಪಕ್ಕದ ಕೆಪಾಸಿಟರ್ 22 ಹಾಕೋದಾ, 27 ಹಾಕೋದಾ, 33 ಹಾಕೋದಾ?

ರಾಯಚೂರು ಕಡೆ ಗದ್ದೆಯ ಪಂಪ್‌ಸೆಟ್‌ಗೆ ಟೈಮರ್ ಬೋರ್ಡ್ ಮಾಡುತ್ತಿದ್ದೀರಾ? ಬೋರ್ಡ್‌ಗೆ ಸಮಯದ ಮಿಡಿತ ಕೊಡೋ ಕ್ರಿಸ್ಟಲ್‌ನ ಎರಡೂ ಕಾಲಿಗೆ ಒಂದೊಂದು ಕೆಪಾಸಿಟರ್ ಬೇಕು. ಸುಮ್ನೆ 22 ಪಿಕೋಫ್ಯಾರಡ್‌ದು (ಕೆಪಾಸಿಟರ್‌ನ ಅಳತೆ) ಹಾಕಿಬಿಡಬೇಡಿ. ಕ್ರಿಸ್ಟಲ್‌ನ ಡೇಟಾಶೀಟ್‌ನಲ್ಲಿ ಲೋಡ್ ಕೆಪಾಸಿಟನ್ಸ್ (ಸರಿಯಾದ ಫ್ರೀಕ್ವೆನ್ಸಿಗೆ ಅದಕ್ಕೆ ಬೇಕಾದ ಕೆಪಾಸಿಟನ್ಸ್) ನೋಡಿ. ಅದರಲ್ಲಿ ಬೋರ್ಡ್ ಮತ್ತು ಪಿನ್‌ಗಳ ಸ್ಟ್ರೇ (ತಾನಾಗೇ ಸೇರಿಕೊಳ್ಳುವ ಕೆಪಾಸಿಟನ್ಸ್) ಕಳೆದು, ಉಳಿದದ್ದನ್ನು ಎರಡರಿಂದ ಗುಣಿಸಿ. ಲೋಡ್ 18, ಸ್ಟ್ರೇ ಸುಮಾರು 5 ಅಂದರೆ 26 ಬಂತು. ಹತ್ತಿರದ್ದು 27.

22 ಹಾಕಿದರೆ ಫ್ರೀಕ್ವೆನ್ಸಿ ಚೂರು ಜಾಸ್ತಿ, ಆದರೆ ಆಸಿಲೇಟರ್ (ಕ್ರಿಸ್ಟಲ್ ಮಿಡಿಸೋ ಸರ್ಕ್ಯೂಟ್) ಸಲೀಸಾಗಿ ಶುರುವಾಗುತ್ತದೆ. 33 ಹಾಕಿದರೆ ಚೂರು ಕಡಿಮೆ. ಇನ್ನೂ ದೊಡ್ಡದು ಹಾಕಿದರೆ ಶುರುವಾಗದೇ ಇರಬಹುದು. 27 ಸಿಗದಿದ್ದರೆ ನನ್ನ ಮತ 22ಕ್ಕೇ. ಮೋಟಾರ್ ಆನ್-ಆಫ್ ಮಾಡೋಕೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಬೆಲೆಗಿಂತ ಕೆಪಾಸಿಟರ್‌ನ ಬಗೆ ನೋಡಿ ಕೊಳ್ಳಿ. ಎಕ್ಸ್7ಆರ್ ಅನ್ನೋ ಸೆರಾಮಿಕ್ ಬಗೆಯ ಕೆಪಾಸಿಟನ್ಸ್ ಬಿಸಿಲು-ಚಳಿಗೆ ಶೇ 15ರವರೆಗೆ ಅತ್ತಿತ್ತ ಆಗಬಹುದು. ಸಿ0ಜಿ ಅನ್ನೋ ಬಗೆಯದ್ದು ಡಿಗ್ರಿಗೆ ಹತ್ತು ಲಕ್ಷದಲ್ಲಿ 30 ಭಾಗದೊಳಗೇ ಇರುತ್ತದೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿರೋ ತಗಡಿನ ಡಬ್ಬದೊಳಗೆ ಇನ್ನೂ ಜಾಸ್ತಿ ಅಲ್ವಾ? ಸಿ0ಜಿಯನ್ನೇ ಹಾಕಿ.

ಗಡಿಯಾರಕ್ಕೆ ಬಳಸೋ 32.768 ಕಿಲೋಹರ್ಟ್ಸ್ ಕ್ರಿಸ್ಟಲ್‌ಗೆ ಲೋಡ್ 12.5 ಇದ್ದರೆ, ಅದೇ ಸ್ಟ್ರೇಗೆ 15 ಸಾಕು. ಡಿಎಸ್1307 ಅನ್ನೋ ಗಡಿಯಾರದ ಚಿಪ್ ಆದರೆ ಹೊರಗಿನ ಕೆಪಾಸಿಟರೇ ಬೇಡ, ಅದು ಒಳಗೇ ಇದೆ.