ಬರ ಪರಿಹಾರ ಜಮೆ ಆಗಿದೆ ಅಂತಾರೆ, ಪಾಸ್‌ಬುಕ್‌ನಲ್ಲಿ ಮಾತ್ರ ಇಲ್ಲವೇ?

ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಇನ್ನೊಂದು ಸಲ ಒತ್ತಿ ಎಂದರೆ, ಯಾತಕ್ಕೆ ಅಂತ ಕೇಳದೆ ಒತ್ತಬೇಡಿ. ನಮ್ಮಪ್ಪನ ಪರಿಹಾರದ ದುಡ್ಡು ದಾರಿ ತಪ್ಪಿದ್ದು ಅಲ್ಲೇ.

ನಮ್ಮದು ಚಳ್ಳಕೆರೆ ಕಡೆ, ಮಳೆ ನಂಬಿದ ಶೇಂಗಾ ಹೊಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಆ ವರ್ಷದ್ದು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಬೀಜ, ಗೊಬ್ಬರ, ಕಳೆ ತೆಗೆಸಿದ ಕೂಲಿ ಎಲ್ಲ ಕೂಡಿಸಿದರೆ ಅದು ಯಾವ ಮೂಲೆಗೂ ಸಾಲದು, ಆದರೂ ಬಂದಷ್ಟು ಬರಲಿ ಅಂತ ಕಾದೆವು. 2024ರ ಜನವರಿಯಲ್ಲಿ ಮೊದಲ ಕಂತು, 2,000 ರೂಪಾಯಿವರೆಗೆ. ಉಳಿದದ್ದು ಕೇಂದ್ರದ ಹಣ ಬಂದ ಮೇಲೆ, ಮೇ ತಿಂಗಳಲ್ಲಿ. ಅಕ್ಕಪಕ್ಕದ ಹೊಲದವರಿಗೆಲ್ಲ ಮೆಸೇಜ್ ಬಂತು. ಅಪ್ಪನ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಖಾಲಿ.

ಪಹಣಿ ಸರಿ ಇತ್ತು, ಎಫ್‌ಐಡಿ ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆಯೂ ಸರಿ ಇತ್ತು. ಗ್ರಾಮ ಆಡಳಿತ ಅಧಿಕಾರಿ ನೋಡಿ, "ನಿಮ್ದು ಆಗ್ಲೇ ಜಮೆ ಆಗೈತಲ್ರೀ ಯಜಮಾನ್ರೇ" ಅಂದರು. ಜಮೆ ಆಗಿದ್ದು ನಾವು ಹೆಸರೂ ಕೇಳಿರದ ಒಂದು ಪೇಮೆಂಟ್ಸ್ ಬ್ಯಾಂಕಿಗೆ, ಅಂದರೆ ಸಾಲ ಕೊಡದೆ ಬರೀ ಹಣ ಇಡೋದು, ಕಳಿಸೋದು ಮಾಡುವ ಬ್ಯಾಂಕಿಗೆ!

ಬಿತ್ತನೆ ಹೊತ್ತಲ್ಲಿ ಅಪ್ಪ ಪೇಟೆಯಲ್ಲಿ ಹೊಸ ಸಿಮ್ ತಗೊಂಡಿದ್ದರು. ಮಣ್ಣಲ್ಲಿ ಸವೆದ ಬೆರಳು, ಮೊದಲ ಸಲ ಹಸಿರು ದೀಪ ಬಂದರೂ ಅಂಗಡಿ ಹುಡುಗ "ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಒತ್ರಿ" ಅಂದನಂತೆ. ಮೊದಲನೆಯದು ಸಿಮ್‌ಗೆ, ಎರಡನೆಯದು ಖಾತೆ ತೆರೆಯೋದಕ್ಕೆ. ಒಂದು ಖಾತೆ ಮಾಡಿಸಿದರೆ ಅವನಿಗೆ ಇಂತಿಷ್ಟು ಕಮಿಷನ್. ಇದು ಹೊಸ ಕಸುಬೇನಲ್ಲ. 2017ರ ಡಿಸೆಂಬರಿನಲ್ಲಿ ಜನರಿಗೆ ಗೊತ್ತಿಲ್ಲದೆ ಇಂಥ ಖಾತೆಗಳಿಗೆ ಗ್ಯಾಸ್ ಸಬ್ಸಿಡಿ ಹೋಗಿದೆ ಅಂತ ಗಲಾಟೆಯಾಗಿ, ದೊಡ್ಡ ಟೆಲಿಕಾಂ ಕಂಪನಿಯೊಂದರ ಇ-ಕೆವೈಸಿಯನ್ನೇ (ಆಧಾರ್ ಮೂಲಕ ಗ್ರಾಹಕರ ಗುರುತು ಪರಿಶೀಲಿಸುವುದನ್ನೇ) ಆಧಾರ್ ಪ್ರಾಧಿಕಾರ ತಡೆಹಿಡಿದಿತ್ತು.

ಇಲ್ಲಿ ಬಹಳ ಜನ ಎಡವೋದು ಒಂದೇ ಕಡೆ. ಅರ್ಜಿ ಜೊತೆ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದೀವಿ, ದುಡ್ಡು ಅಲ್ಲಿಗೇ ಬರುತ್ತೆ ಅಂದುಕೊಳ್ಳುತ್ತಾರೆ. ಆಧಾರ್ ಮೂಲಕ ಬರುವ ಹಣಕ್ಕೆ ಖಾತೆ ನಂಬರೇ ಬೇಕಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಗೆ ಯಾವುದನ್ನು ಜೋಡಿಸಿದರೋ ಅದು. ಹಳೇ ಖಾತೆಗೆ ಆಧಾರ್ ಕೊಟ್ಟಿದ್ದರೂ ಲೆಕ್ಕಕ್ಕಿಲ್ಲ.

ಮೈ ಆಧಾರ್ ವೆಬ್‌ಸೈಟಿನಲ್ಲಿ ಓಟಿಪಿ ಹಾಕಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ತೆಗೆದರೆ ಯಾವ ಬ್ಯಾಂಕು ಅಂತ ಕಾಣುತ್ತದೆ. ಮನೆಯ ಹಿರಿಯರದ್ದು ಪರಿಹಾರದ ಪಟ್ಟಿ ಹೊರಡುವ ಮೊದಲೇ ನೋಡಿಬಿಡಿ. ಬೇರೆ ಬ್ಯಾಂಕಿದ್ದರೆ ನಿಮ್ಮ ಶಾಖೆಗೆ ಹೋಗಿ ಆಧಾರ್ ಜೋಡಣೆ ಅರ್ಜಿ ಕೊಡಿ. "ಆಧಾರ್ ಲಿಂಕ್ ಆಗಿದೆ, ಹೋಗಿ" ಅಂತ ಕಳಿಸುವವರೂ ಇದ್ದಾರೆ. ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು, ಅಂದರೆ ಆ ಪಟ್ಟಿಯಲ್ಲಿ ಈ ಬ್ಯಾಂಕಿನ ಹೆಸರು ಬರಬೇಕು ಅಂತ ಬಾಯಿಬಿಟ್ಟು ಹೇಳಿ. ಆಧಾರ್‌ನಲ್ಲಿ ಹೆಬ್ಬೆಟ್ಟು ಯಾರೂ ಬಳಸದಂತೆ ಬಯೋಮೆಟ್ರಿಕ್ ಲಾಕ್ ಮಾಡಿ ಅಂತಲೂ ಹೇಳುತ್ತಾರೆ, ಒಳ್ಳೆಯದೇ. ಆದರೆ ಪಡಿತರಕ್ಕೆ ತಿಂಗಳು ತಿಂಗಳು ಹೆಬ್ಬೆಟ್ಟು ಕೊಡುವ ಅಜ್ಜಿಗೆ ಪ್ರತಿ ಸಲ ಅನ್‌ಲಾಕ್ ಮಾಡಿಕೊಡುವವರು ಯಾರು?

ಮ್ಯಾಪಿಂಗ್ ಬದಲಿಸಿದರೆ ಮುಂದಿನ ಹಣ ಮಾತ್ರ ನಿಮ್ಮ ಖಾತೆಗೆ ಬರುತ್ತದೆ, ಹಳೆಯದು ತಾನಾಗಿ ಬರುವುದಿಲ್ಲ. ಆ ಖಾತೆ ಮುಚ್ಚಿಸುವ ಮುಂಚೆ ಸ್ಟೇಟ್‌ಮೆಂಟ್ ತೆಗೆಸಿ. ಅಪ್ಪನದರಲ್ಲಿ ಪರಿಹಾರದ ಜೊತೆ ಪಿಎಂ ಕಿಸಾನ್‌ನ 2,000ದ ಕಂತೂ ಸಿಕ್ಕಿತು. ಅದು ನಿಂತೇ ಹೋಗಿದೆ ಅಂತ ಕೃಷಿ ಇಲಾಖೆಯವರನ್ನು ಬೈದುಕೊಂಡಿದ್ದೆವು.